ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾರು ಎಂದರೆ ಗಂಡಸರ ವಿಷಯ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಉಳಿದುಕೊಂಡಿದೆ. ಆದರೆ ಕಾರಿನ ಇತಿಹಾಸದ ಮೊದಲ ಪುಟಗಳನ್ನು ತಿರುವಿದರೆ ಅಲ್ಲಿ ರಿಪೇರಿ ಮಾಡುತ್ತ ನಿಂತಿರುವವಳು ಒಬ್ಬ ಹೆಂಗಸು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ಥಾ ಬೆಂಜ್, ತನ್ನ ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಚಕ್ರದ ಗಾಡಿಯನ್ನು ಅವನಿಗೆ ಹೇಳದೆಯೇ ಹೊರಗೆ ತೆಗೆದು, ಇಬ್ಬರು ಗಂಡುಮಕ್ಕಳೊಡನೆ ಮ್ಯಾನ್‌ಹೈಮ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ತವರೂರಿಗೆ ಹೊರಟಳು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದಿದ್ದನ್ನು ಕಂಡು, ಕಾಲುಚೀಲ ಬಿಗಿಯುವ ಪಟ್ಟಿಯನ್ನೇ ಅದಕ್ಕೆ ಸುತ್ತಿದಳಂತೆ. ಎಂಜಿನ್ ಕೆಟ್ಟಿತೆಂದು ಆಕೆ ಕೈಚೆಲ್ಲಿ ಕೂರಲಿಲ್ಲ. ತಂತಿಯ ದಾರಿ ಹಿಡಿದು ಹೋಗಿ ದೋಷ ಎಲ್ಲಿದೆಯೆಂದು ಹುಡುಕಿದಳು.

ಆಗ ಕಾರಿಗೆ ತನ್ನ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಸ್ಟಿಯರಿಂಗ್ ಮುಂದೆ ಎಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದಲ್ಲ, ಅದೇ ಅದರ ಮಾತು. ಈ ದೀಪ ಹುಟ್ಟಿದ್ದು ಕಾರಿನ ಆರೋಗ್ಯಕ್ಕಾಗಿ ಅಲ್ಲ, ಮನುಷ್ಯರ ಆರೋಗ್ಯಕ್ಕಾಗಿ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ.

1943ರ ಜುಲೈನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣು ಉರಿಸುವ ಮಬ್ಬು ಕವಿಯಿತು. ಯುದ್ಧದ ಕಾಲ, ಶತ್ರುಗಳು ವಿಷಾನಿಲ ಬಿಟ್ಟರೆಂದು ಜನ ಹೆದರಿದರು. ಆಮೇಲೆ ತಪ್ಪೆಲ್ಲ ಕೃತಕ ರಬ್ಬರಿಗೆ ಬೇಕಾದ ರಾಸಾಯನಿಕ ಮಾಡುವ ಕಾರ್ಖಾನೆಯದೆಂದು ಅದನ್ನು ನಿಲ್ಲಿಸಿದರು. ಮಬ್ಬು ಹೋಗಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. 1950ರ ಸುಮಾರಿಗೆ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ, ಅನಾನಸ್ ಹಣ್ಣಿನ ಪರಿಮಳವನ್ನು ಪರೀಕ್ಷಿಸುತ್ತಿದ್ದವರು, ಅದೇ ರೀತಿಯಲ್ಲಿ ಊರಿನ ಗಾಳಿಯನ್ನೂ ಪರೀಕ್ಷಿಸಿದರು. ಕಾರುಗಳ ಹೊಗೆ ಮತ್ತು ತೈಲ ಶುದ್ಧೀಕರಣ ಘಟಕಗಳ ಆವಿ ಬಿಸಿಲಿಗೆ ಸಿಕ್ಕು ಓಜೋನ್ ಆಗುತ್ತದೆ, ಕಣ್ಣು ಗಂಟಲು ಸುಡುವ ಮಬ್ಬಿನ ಮೂಲ ಇಲ್ಲಿದೆ ಎಂದು ತೋರಿಸಿದರು. ಕಾರು ತಯಾರಕರು ಸುಲಭವಾಗಿ ಒಪ್ಪಲಿಲ್ಲ. 1958ರಲ್ಲಿ ಅಲ್ಲಿನ ಗೃಹಿಣಿಯರು 'ಸ್ಟ್ಯಾಂಪ್ ಔಟ್ ಸ್ಮಾಗ್' ಎಂಬ ಸಂಘ ಕಟ್ಟಿ, ಮಕ್ಕಳ ಉಸಿರಿಗಾಗಿ ಅಧಿಕಾರಿಗಳ ಬೆನ್ನು ಹತ್ತಿದರು.

1970ರ ಕಾನೂನು ಹೊಗೆಯನ್ನು ಬಹುಪಾಲು ತಗ್ಗಿಸಲೇಬೇಕೆಂದಿತು. ಎಂಜಿನ್ನಿಗೆ ಗಾಳಿ ಮತ್ತು ಪೆಟ್ರೋಲನ್ನು ತೂಕದಲ್ಲಿ ಸುಮಾರು 14.7ಕ್ಕೆ 1ರಂತೆ ಬೆರೆಸಿದರೆ ಮಾತ್ರ ಹೊಗೆ ಶುದ್ಧಿ ಮಾಡುವ ಸಾಧನ ಸರಿಯಾಗಿ ಕೆಲಸ ಮಾಡುತ್ತದೆ. ಈ ಹದ ನೋಡಲು 1976ರಲ್ಲಿ ಬಾಷ್ ಕಂಪನಿ ಆಮ್ಲಜನಕದ ಸೆನ್ಸರ್ ತಂದಿತು. ಬೆಂಗಳೂರಿನ ಆಡುಗೋಡಿಯಲ್ಲಿದ್ದ ಮೈಕೋ ಕಾರ್ಖಾನೆ ಇದೇ ಬಾಷ್ ಬಳಗದ್ದಾಗಿತ್ತು. ಹೀಗೆ ಒಂದೊಂದಾಗಿ ಸೆನ್ಸರುಗಳು, ಅವುಗಳ ಮಾತು ಕೇಳುವ ಕಂಪ್ಯೂಟರ್ ಬಂದವು. ಕ್ಯಾಲಿಫೋರ್ನಿಯಾದಲ್ಲಿ 1988ರ ಮಾದರಿಯಿಂದ ಕಾರೇ ತನ್ನ ದೋಷ ಹೇಳಬೇಕೆಂಬ ನಿಯಮ ಬಂತು. 1996ರಲ್ಲಿ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ದೋಷಸಂಖ್ಯೆಗಳು ಗೊತ್ತಾದವು. ಭಾರತದಲ್ಲಿ ಇಂಥ ವ್ಯವಸ್ಥೆ ಕಡ್ಡಾಯವಾಗತೊಡಗಿದ್ದು 2010ರಲ್ಲಿ, ಭಾರತ್ ಸ್ಟೇಜ್ 4ರ ಜೊತೆಗೆ.

ನಮ್ಮ ಕಾರಿನಲ್ಲಿ ಆ ದೀಪ ಹತ್ತಿದಾಗ ಗ್ಯಾರೇಜಿನ ಹುಡುಗ ಸ್ಕ್ಯಾನರ್ ಸಿಕ್ಕಿಸಿ, "ಮೇಡಂ, ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು" ಎಂದ. ಹಾಕಿದ್ದೂ ಆಯಿತು, ದುಡ್ಡು ತೆತ್ತಿದ್ದೂ ಆಯಿತು. ಮೂರನೆಯ ದಿನ ದೀಪ ಮತ್ತೆ ಹತ್ತಿತು. ಆಮೇಲೆ ನೋಡಿದ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ಬರು ಸಂಖ್ಯೆ ಓದಿ, "ಪಿ 0118. ಟೀಚರಮ್ಮ, ಇದು ಸೆನ್ಸರ್ ಕೆಟ್ಟಿದೆ ಅಂತ ಹೇಳಲ್ಲ, ಅದರ ಸರ್ಕ್ಯೂಟಿನಲ್ಲಿ ಏನೋ ಇದೆ ಅಂತ ಹೇಳುತ್ತೆ, ಅಷ್ಟೆ" ಎಂದರು. ಬೇಸಿಗೆಯ ಮಧ್ಯಾಹ್ನ; ಸ್ಕ್ಯಾನರಿನಲ್ಲಿ ಎಂಜಿನ್ನಿನ ಬಿಸಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ತೋರಿಸುತ್ತಿತ್ತು!

ಅವರು ವಿವರಿಸಿದ್ದು ಹೀಗೆ. ಎಂಜಿನ್ ತಂಪುಮಾಡುವ ನೀರಿನ ಬಿಸಿ ಅಳೆಯುವ ಆ ಸೆನ್ಸರಿಗೆ ಕಂಪ್ಯೂಟರ್ 5 ವೋಲ್ಟ್ ಕಳಿಸುತ್ತದೆ. ಬಿಸಿಯಾದಂತೆ ಸೆನ್ಸರಿನ ತಡೆ ಇಳಿಯುತ್ತದೆ, ವೋಲ್ಟೂ ಇಳಿಯುತ್ತದೆ. ತಂತಿ ತುಂಡಾದರೆ ವೋಲ್ಟ್ ಇಳಿಯುವುದೇ ಇಲ್ಲ. ಕಂಪ್ಯೂಟರ್ ಅದನ್ನು ಭಾರಿ ಚಳಿ ಎಂದು ತಿಳಿಯುತ್ತದೆ. ಅವರು ಸೆನ್ಸರಿನ ಕನೆಕ್ಟರ್ ಬಿಚ್ಚಿ, ಅದರ ಎರಡು ಪಿನ್ನುಗಳನ್ನು ಒಂದು ತುಂಡು ವೈರಿನಿಂದ ಸೇರಿಸಿದರು. ತಂತಿ ಸರಿಯಿದ್ದರೆ ಸ್ಕ್ಯಾನರ್ ತಕ್ಷಣ ವಿಪರೀತ ಬಿಸಿ ತೋರಿಸಬೇಕು. ಆಗ ತಪ್ಪು ಸೆನ್ಸರಿನದೇ. ಆದರೆ 40ರ ಚಳಿ ಕದಲಲಿಲ್ಲ. ತಪ್ಪು ತಂತಿಯಲ್ಲಿರಬೇಕು, ಇಲ್ಲವೇ ಕಂಪ್ಯೂಟರಿನಲ್ಲಿ. ಮೀಟರ್ ಹಿಡಿದು ತಂತಿಯ ಹಿಂದೆಯೇ ಹೋದರು. ಕನೆಕ್ಟರಿನ ಹಿಂದೆ ಹೊದಿಕೆ ಸವೆದು, ನೀರು ಇಳಿದು, ತಾಮ್ರಕ್ಕೆ ಕಿಲುಬು ಹಿಡಿದು ತುಂಡಾಗಿತ್ತು. ಪೂಜೆಯ ತಂಬಿಗೆ ಉಜ್ಜುವ ನಮಗೆ ಕಿಲುಬಿನ ಗುಣ ಯಾರೂ ಹೇಳಿಕೊಡಬೇಕಾಗಿಲ್ಲ. ಗೇಣುದ್ದ ವೈರು, ಅರ್ಧ ಗಂಟೆಯ ಕೆಲಸ. ಬರ್ಥಾ ಬೆಂಜ್ ಎದುರಿಸಿದ ತೊಂದರೆಯೂ ಸವೆದ ಹೊದಿಕೆಯೇ ತಾನೆ!

ದೀಪ ಮತ್ತೆ ಮತ್ತೆ ಹತ್ತಿದರೆ ಕೆಲವರು ಅದರ ಮೇಲೆ ಟೇಪ್ ಅಂಟಿಸುತ್ತಾರೆ, ಕೆಲವರು ಸಂಖ್ಯೆಯನ್ನು ಸ್ಕ್ಯಾನರಿನಿಂದ ಅಳಿಸಿ ಸುಮ್ಮನಾಗುತ್ತಾರೆ. ಚಳಿಯೆಂದು ಮೋಸಹೋದ ಎಂಜಿನ್ ಪೆಟ್ರೋಲನ್ನು ಅನಗತ್ಯವಾಗಿ ಕುಡಿದರೆ ನಷ್ಟ ನಮ್ಮ ಪರ್ಸಿಗೆ ಮಾತ್ರವಲ್ಲ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಎಂಜಿನ್ ಆರಿಸದೆ ಸಾಲಾಗಿ ನಿಂತ ವಾಹನಗಳ ಹಿಂದೆ, ಹೊಗೆಕೊಳವೆಯ ಎತ್ತರಕ್ಕೇ ಮೂಗು ಇರುವ ಒಂದನೇ ತರಗತಿಯ ಮಕ್ಕಳು ನಡೆದುಹೋಗುವುದನ್ನು ನಾನು ದಿನವೂ ನೋಡುತ್ತೇನೆ. ಆ ದೀಪ ಇರುವುದು ಅವರಿಗಾಗಿ.

ಗ್ಯಾರೇಜಿಗೆ ಹೋದಾಗ ನಾವು ಎರಡೇ ಪ್ರಶ್ನೆ ಕೇಳಿದರೆ ಸಾಕು: "ಯಾವ ನಂಬರ್ ಬಂದಿದೆ? ವೈರು, ಕನೆಕ್ಟರ್ ನೋಡಿದ್ದೀರಾ?" ಇದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಮಗು ಅತ್ತರೆ ಹಸಿವೋ, ಹೊಟ್ಟೆನೋವೋ, ಇರುವೆ ಕಚ್ಚಿತೋ ಎಂದು ನೋಡದೆ ಯಾವ ತಾಯಿಯೂ ಔಷಧಿ ಕುಡಿಸುವುದಿಲ್ಲ. ಕಾರಿನ ವಿಷಯದಲ್ಲೂ ಬೇಕಾಗಿರುವುದು ಆ ತಾಳ್ಮೆಯೇ.