ಕೊನೆಯ ಕಂಬದಿಂದ ಮನೆಯವರೆಗೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ತಯಾರಾದ ವಿದ್ಯುತ್ತು ಮೊದಲು ಹೋದದ್ದು ಮಳವಳ್ಳಿಗಲ್ಲ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ತಂತಿ ಹಾದುಹೋದ ಹಾದಿಯ ಹಳ್ಳಿಗಳಾದರೋ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯನ್ನೇ ನಂಬಿದ್ದವು. ಲೈನು ಊರ ಮೇಲೆ ಹಾದುಹೋಗುವುದು ಬೇರೆ, ಮನೆಯೊಳಗೆ ಬರುವುದು ಬೇರೆ. ಅಂತರಜಾಲದ ಕತೆಯೂ ಇದಕ್ಕಿಂತ ಭಿನ್ನವಲ್ಲ.

ದೂರಸಂಪರ್ಕದ ದೊಡ್ಡ ಕೇಬಲ್‌ಗಳನ್ನು ರೈಲು ಹಳಿ, ಹೆದ್ದಾರಿಗಳ ಗುಂಟ ಹಾಕುವುದು ರೂಢಿ. ಬೆಂಗಳೂರು–ಮೈಸೂರು ಹಾದಿಯ ಮೇಲಿರುವ ಮದ್ದೂರು, ಮಂಡ್ಯಗಳಿಗೆ ಇದು ಅನುಕೂಲ. ಮಳವಳ್ಳಿಗೆ ರೈಲಿಲ್ಲ, ಈ ಹೆದ್ದಾರಿಯೂ ಇಲ್ಲ. ಆದರೆ ಮದ್ದೂರಿನ ಮನೆಯಲ್ಲೂ ಸಂಪರ್ಕ ಕಡಿಯುವುದೇಕೆ?

ಉತ್ತರಕ್ಕೆ ಹಳೆಯ ದೂರವಾಣಿಯತ್ತ ನೋಡಬೇಕು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲವದು. 1984ರಲ್ಲಿ ಸ್ಥಾಪನೆಯಾದ ಸಿ–ಡಾಟ್ ಸಂಸ್ಥೆ ಹಳ್ಳಿಯ ದೂಳು, ಸೆಕೆಗಳನ್ನು ತಾಳುವಂಥ 128 ಲೈನುಗಳ ಪುಟ್ಟ ವಿನಿಮಯ ಕೇಂದ್ರವನ್ನು ರೂಪಿಸಿತು. ಅದು 1986ರಲ್ಲಿ ಮೊದಲು ಕೆಲಸ ಮಾಡಿದ್ದು ನಮ್ಮ ಕಿತ್ತೂರಿನಲ್ಲಿ. ಆಮೇಲೆ ಊರೂರಿಗೆ ತಾಮ್ರದ ತಂತಿ ಬಂತು, ಎಸ್‌ಟಿಡಿ ಬೂತುಗಳು ಬಂದವು.

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. 1998ರಲ್ಲಿ ಖಾಸಗಿಯವರಿಗೂ ಅವಕಾಶ ದೊರೆಯಿತು. 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದೇ ಬ್ರಾಡ್‌ಬ್ಯಾಂಡ್. 2005ರಲ್ಲಿ ಬಿಎಸ್‌ಎನ್‌ಎಲ್ ಈ ಸೇವೆಯನ್ನು ಮನೆಗೆ ತಂದದ್ದು ಹಳೆಯ ತಾಮ್ರದ ತಂತಿಯ ಮೇಲೆಯೇ. ಮಾತಿಗೆಂದು ಎಳೆದ ತಂತಿಗೆ ಹೊಸ ಹೊರೆ! ವಿನಿಮಯ ಕೇಂದ್ರದಿಂದ ಮನೆ ದೂರವಾದಷ್ಟೂ ವೇಗ ಕುಗ್ಗುತ್ತಿತ್ತು. ಮಳೆಗೆ ಜೋಡಣೆ ನೆನೆದರೆ ಅದೂ ಇಲ್ಲ.

ಗಾಜಿನ ಎಳೆಯಲ್ಲಿ ಬೆಳಕು ಹರಿಸುವ ಫೈಬರ್ ಈ ದೋಷವನ್ನು ಬಹಳಮಟ್ಟಿಗೆ ನೀಗಿತು. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆಯ ಗುರಿ ಗ್ರಾಮ ಪಂಚಾಯಿತಿಗಳವರೆಗೆ ಫೈಬರ್ ಒಯ್ಯುವುದು. ಪಂಚಾಯಿತಿ ಕಚೇರಿಯಿಂದ ಮನೆಯವರೆಗಿನ ಹಾದಿ ಮತ್ತೆ ಬೇರೆಯೇ. ಅಲ್ಲಿ ಎಳೆಯನ್ನು ಕಂಬದಿಂದ ಕಂಬಕ್ಕೆ ತೂಗುಬಿಡುವುದೇ ಹೆಚ್ಚು. ಕಬ್ಬು ತುಂಬಿದ ಲಾರಿ ತಗುಲಿದರೆ, ರಸ್ತೆ ಅಗೆಯುವ ಜೆಸಿಬಿ ಚುಚ್ಚಿದರೆ, ಕೊಂಬೆ ಮುರಿದು ಬಿದ್ದರೆ ಬೀದಿಗೆ ಬೀದಿಯೇ ಸ್ತಬ್ಧ. ನಡುವಿನ ಪೆಟ್ಟಿಗೆಗೆ ಬ್ಯಾಟರಿ ಇಲ್ಲದಿದ್ದರೆ, ಕರೆಂಟು ಹೋದೊಡನೆ ಅಂತರಜಾಲವೂ ಹೋಗುತ್ತದೆ. ಗೋಪುರದಿಂದ ಬರುವ ನಿಸ್ತಂತು ಸೇವೆಗೆ ಈ ಭಯ ಕಡಿಮೆ. ಆದರೆ ಗೋಪುರದ ಬಲವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳುವುದರಿಂದ ಸಂಜೆಯ ಹೊತ್ತು ವೇಗ ಇಳಿಯಬಹುದು.

ಆದ್ದರಿಂದ ಯಾವ ಕಂಪನಿ ಮೇಲು ಎಂಬ ಪ್ರಶ್ನೆಗೆ ಜಿಲ್ಲೆಗೆಲ್ಲ ಒಂದೇ ಉತ್ತರವಿಲ್ಲ. ಮಂಡ್ಯದ ಒಂದು ಬಡಾವಣೆಯಲ್ಲಿ ಹೊಗಳಿಸಿಕೊಂಡ ಸೇವೆ ಪಕ್ಕದ ಬೀದಿಯಲ್ಲೇ ಬೈಸಿಕೊಳ್ಳಬಹುದು. ಜಾಹೀರಾತಿನ ವೇಗದ ಹಿಂದೆ ‘ವರೆಗೆ’ ಎಂಬ ಪುಟ್ಟ ಪದವಿರುತ್ತದೆ, ಅದನ್ನು ಮರೆಯಬಾರದು. ಎಳೆ ಯಾವ ಕಂಬದಿಂದ ಬರುತ್ತದೆ? ಕೆಟ್ಟರೆ ಬರುವ ಲೈನ್‌ಮನ್ ಇದೇ ಊರಿನವನೇ? ಕರೆಂಟು ಹೋದಾಗ ಸೇವೆ ಉಳಿಯುತ್ತದೆಯೇ? ನೆರೆಮನೆಯವರ ಅನುಭವವೇನು? ಕೇಳಬೇಕಾದ ಪ್ರಶ್ನೆಗಳು ಇವು. ದೂರು ಕೊಟ್ಟರೆ ಅದರ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಪರಿಹಾರ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಹಕ್ಕನ್ನು 2012ರ ನಿಯಮಗಳು ಗ್ರಾಹಕನಿಗೆ ಕೊಟ್ಟಿವೆ.

2020ರಲ್ಲಿ ಶಾಲೆ ಮುಚ್ಚಿ ಪಾಠ ಮನೆಗೆ ಬಂದಾಗ ಸಂಪರ್ಕ ಕಡಿದ ಮನೆಯ ಮಗುವಿಗೆ ಅಂದಿನ ಪಾಠವೇ ತಪ್ಪಿತು. ಪಹಣಿ, ಪರೀಕ್ಷೆಯ ಅರ್ಜಿ, ಬ್ಯಾಂಕಿನ ವ್ಯವಹಾರ ಎಲ್ಲವೂ ಈ ಎಳೆಯನ್ನೇ ನೆಚ್ಚಿರುವಾಗ, ಕೊನೆಯ ಕಂಬದ ದುರಸ್ತಿ ಸಣ್ಣ ಕೆಲಸವೆಂದು ಯಾರೂ ಹೇಳಲಾರರು.