ಕಾಶ್ಮೀರದ ಕಟ್ಟಿಗೆ, ಕಲ್ಯಾಣದ ಮೋಳಿಗೆ

'ಮೋಳಿಗೆ' ಎಂದರೆ ಸೌದೆಯ ಹೊರೆ. ಅದನ್ನು ಕಲ್ಯಾಣದಲ್ಲಿ ಮಾರಿ, ಬಂದುದರಲ್ಲಿ ಜಂಗಮದಾಸೋಹ ನಡೆಸಿದ ಶರಣ ಮಾರಯ್ಯನು ಮೊದಲು ಕಾಶ್ಮೀರದ ಅರಸನಾಗಿದ್ದನೆಂದೂ ಆಗಿನ ಅವನ ಹೆಸರು ಮಹಾದೇವ ಭೂಪಾಲನೆಂದೂ ಪರಂಪರೆ ಹೇಳುತ್ತದೆ. ಆದರೆ ಕ್ರಿ.ಶ. 1148-50ರಲ್ಲಿ ಕಲ್ಹಣನು 'ರಾಜತರಂಗಿಣಿ'ಯನ್ನು ರಚಿಸುವಾಗ ಅಲ್ಲಿ ಆಳುತ್ತಿದ್ದವನು ಜಯಸಿಂಹ. ಆದುದರಿಂದ ಈ ಐತಿಹ್ಯವನ್ನು ಇತಿಹಾಸದೊಡನೆ ಹೊಂದಿಸುವುದು ಸುಲಭವಲ್ಲ. ಆ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಕಾಶ್ಮೀರದ ಅರಸನ ತಲೆಯ ಮೇಲೆ ಸೌದೆಯ ಹೊರೆಯನ್ನು ಕಾಣುವ ನಾವು, ಆ ನಾಡಿನಲ್ಲಿ ಸೌದೆಯೆಂದರೆ ಏನೆಂಬುದನ್ನು ಮಾತ್ರ ವಿಚಾರಿಸಿದ್ದು ಕಡಿಮೆ.

ನಮ್ಮ ಬಯಲುಸೀಮೆಯಲ್ಲಿ ಸೌದೆ ಬೇಕಾಗುವುದು ಅಡುಗೆಗೆ, ಬಚ್ಚಲ ಹಂಡೆಗೆ. ಕಾಶ್ಮೀರದ ಕಣಿವೆಯಲ್ಲಿ ಅದು ಪ್ರಾಣರಕ್ಷಣೆಯ ಸಾಧನ. ಡಿಸೆಂಬರ್ 21ರಿಂದ 40 ದಿನಗಳ ಕಡುಚಳಿಯ ಅವಧಿಗೆ ಅಲ್ಲಿನವರು 'ಚಿಲ್ಲೈ ಕಲಾನ್' ಎನ್ನುತ್ತಾರೆ. ಅದಕ್ಕಾಗಿ ಕಟ್ಟಿಗೆಯನ್ನು ಮೊದಲೇ ಸೀಳಿ ಒಣಗಿಸಿಡಬೇಕು. ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿಯಾಗಿಸುವುದರಲ್ಲಿಯೇ ಕಾವು ವ್ಯಯವಾಗಿ, ಮನೆಗೆ ಹೊಗೆಯಷ್ಟೇ ಉಳಿಯುತ್ತದೆ. ದೇವದಾರು, ಪೈನ್ ಮೊದಲಾದ ಮೃದುಮರಗಳು ಬೇಗ ಹೊತ್ತಿ ಭಗ್ಗನೆ ಉರಿಯುತ್ತವೆ, ಕೆಂಡ ನಿಲ್ಲುವುದಿಲ್ಲ. ಸೇಬು, ಹಿಪ್ಪುನೇರಳೆಯಂಥ ಗಟ್ಟಿಮರಗಳು ನಿಧಾನವಾಗಿ ಉರಿದು ಬಹುಕಾಲ ಕೆಂಡವಾಗಿರುತ್ತವೆ. ಚೆನ್ನಾಗಿ ಒಣಗಿದ ಮೇಲೆ ತೂಕಕ್ಕೆ ತೂಕವಿಟ್ಟರೆ ಎಲ್ಲ ಮರಗಳ ಕಾವೂ ಹೆಚ್ಚುಕಡಿಮೆ ಒಂದೇ. ಹೊರೆಯ ಗಾತ್ರದಿಂದ ಅಳೆದರೆ ಮಾತ್ರ ಗಟ್ಟಿಮರದ್ದೇ ಮೇಲುಗೈ. ಕಣ್ಣಳತೆಯಲ್ಲಿ ಸೌದೆ ಕೊಳ್ಳುವವನು ಮೋಸಹೋಗುವುದು ಇಲ್ಲಿಯೇ.

ಉಳ್ಳವರ ಮನೆಗಳಲ್ಲಿಯೂ ಮಸೀದಿಗಳಲ್ಲಿಯೂ 'ಹಮಾಮ್' ಉಂಟು. ಕಲ್ಲುಹಾಸಿನ ನೆಲದಡಿಯ ಟೊಳ್ಳಿನಲ್ಲಿ ದಿಮ್ಮಿಗಳನ್ನು ಉರಿಸಿದರೆ ನೆಲವೆಲ್ಲ ಗಂಟೆಗಟ್ಟಲೆ ಬೆಚ್ಚಗಿರುತ್ತದೆ, ತಾಮ್ರದ ಹಂಡೆಯ ನೀರೂ ಕಾಯುತ್ತದೆ. ಇದು ಮಾರಯ್ಯನ ಕಾಲದ್ದಲ್ಲ, ಮುಸಲ್ಮಾನ ಅರಸರ ಕಾಲದಲ್ಲಿ ಹರಡಿದ ಏರ್ಪಾಡು.

ದಿಮ್ಮಿ ಕೊಳ್ಳಲಾರದವನಿಗೆ ಕಾಂಗಡಿಯೇ ಗತಿ. ಮಣ್ಣಿನ ಬೋಗುಣಿಗೆ ಬೆತ್ತದಂಥ ಕಡ್ಡಿಗಳ ಹೆಣಿಗೆ. ಒಳಗೆ ಬೂದಿ ಮುಚ್ಚಿದ ಕೆಂಡ. ಅದನ್ನು 'ಫೆರನ್' ಎಂಬ ನಿಲುವಂಗಿಯೊಳಗೆ ಹಿಡಿದುಕೊಂಡೇ ಓಡಾಡುತ್ತಾರೆ. ಅದರ ಇಂಧನಕ್ಕೆ ಮರ ಕಡಿಯಲೇಬೇಕೆಂದಿಲ್ಲ. ಶರತ್ಕಾಲದಲ್ಲಿ ಉದುರಿದ ಚಿನಾರ್ ಎಲೆಗಳನ್ನು ಗುಡಿಸಿ, ಉರಿ ಹಚ್ಚಿ, ಪೂರ್ತಿ ಬೂದಿಯಾಗುವ ಮೊದಲೇ ನೀರು ಚಿಮುಕಿಸಿ ಆರಿಸಿದರೆ ಇದ್ದಿಲು ಸಿದ್ಧ. ಇದಕ್ಕೆ ಕಾವು ಕಡಿಮೆ, ಬಾಳಿಕೆ ಹೆಚ್ಚು. ಮೈಗೆ ಹತ್ತಿರವಿರುವ ಬೆಂಕಿಗೆ ಬೇಕಾದುದೂ ಅದೇ. ಎಲೆಯನ್ನು ಆರಿಸಿಕೊಂಡ ಆ ಬಡವನ ತಿಳಿವಳಿಕೆ ಯಾವ ವಿದ್ವಾಂಸನಿಗೂ ಕಡಿಮೆಯಲ್ಲ. ಆದರೂ ಅದಕ್ಕೆ ಅವನು ತೆತ್ತ ಬೆಲೆ ಸಣ್ಣದಲ್ಲ. ಹೊಟ್ಟೆ ತೊಡೆಗಳ ಚರ್ಮ ವರ್ಷಗಟ್ಟಲೆ ಬೆಂದು ಏಳುವ ಅರ್ಬುದರೋಗವನ್ನು ವೈದ್ಯ ಎಲ್ಮ್‌ಸ್ಲಿ 1866ರಲ್ಲಿಯೇ ವರ್ಣಿಸಿದ್ದಾರೆ. 1923ರಲ್ಲಿ ಅರ್ನೆಸ್ಟ್ ನೀವ್ ಅದನ್ನೇ ವಿವರವಾಗಿ ಬರೆದರು. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ವಿಷಾನಿಲದ ಭಯ ಬೇರೆ.

ಚಳಿನಾಡಿನ ಅರಮನೆಗೂ ಕಟ್ಟಿಗೆ ಬರುತ್ತಿದ್ದುದು ಯಾರದೋ ಬೆನ್ನಿನ ಮೇಲೆಯೇ. ಐತಿಹ್ಯದ ಮಾರಯ್ಯನು ಆ ಬೆನ್ನನ್ನು ತನ್ನದಾಗಿಸಿಕೊಂಡವನು. ಬಸವಣ್ಣನವರು ಅವನ ಮನೆಯಲ್ಲಿ ಅಂಬಲಿಯನ್ನು ಸವಿದು, ಯಾರಿಗೂ ತಿಳಿಯದಂತೆ ಹೊನ್ನನ್ನು ಇಟ್ಟುಹೋದರಂತೆ. ಮಾರಯ್ಯ ಅದನ್ನು ಜಂಗಮರಿಗೆ ಹಂಚಿ, ಮತ್ತೆ ಸೌದೆಗೆಂದು ಅಡವಿಯ ಹಾದಿ ಹಿಡಿದನಂತೆ.