ವಿಸ್ತರಣ ಸಂಧಿಯ ಅಗಲ: ವಡೋದರೆಯ ಉಕ್ಕಿನ ಚಾವಣಿಗಳನ್ನು ಕುರಿತು ಒಂದು ವಿಚಾರ

ದೀರ್ಘವಾದ ಉಕ್ಕಿನ ಕಟ್ಟಡದ ಚಾವಣಿಯನ್ನು ಎಲ್ಲಿ ವಿಭಾಗಿಸಬೇಕೆಂಬ ವಿಷಯದಲ್ಲಿ ತಜ್ಞರಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಐಎಸ್ 800ರ 2007ರ ಆವೃತ್ತಿಯು, ಉದ್ದದ ದಿಕ್ಕಿನ ಬ್ರೇಸಿಂಗನ್ನು ನಡುವೆ ಒಂದೇ ಕಡೆ ಪಡೆದ ಮುಚ್ಚಿದ ಕಟ್ಟಡದ ಖಂಡಕ್ಕೆ 180 ಮೀಟರಿನ ಮಿತಿಯನ್ನು ಮಾರ್ಗದರ್ಶನರೂಪವಾಗಿ ಸೂಚಿಸಿದೆ. ಅಮೆರಿಕದ ಫೆಡರಲ್ ಕನ್‌ಸ್ಟ್ರಕ್ಷನ್ ಕೌನ್ಸಿಲ್ 1974ರಲ್ಲಿ ಹೊರತಂದ 65ನೆಯ ತಾಂತ್ರಿಕ ವರದಿಯು ಸ್ಥಳದ ಉಷ್ಣತಾವ್ಯತ್ಯಾಸವನ್ನು ಆಧಾರವಾಗಿಟ್ಟುಕೊಂಡು, ತಾಪನ ವ್ಯವಸ್ಥೆಯಿಲ್ಲದ ಕಟ್ಟಡಕ್ಕೆ ಅನುಮತವಾದ ಉದ್ದವನ್ನು ಶೇಕಡ 33ರಷ್ಟೂ, ಕಂಬದ ಬುಡ ಬಿಗಿಯಾಗಿದ್ದಲ್ಲಿ ಶೇಕಡ 15ರಷ್ಟೂ ಇಳಿಸುತ್ತದೆ. ಸಂಧಿಯು ಚಾವಣಿಯನ್ನು ಸೀಳಿದೊಡನೆ ಡಯಾಫ್ರಮ್ ಎರಡಾಗುವುದೆಂಬುದೂ, ಪ್ರತಿಯೊಂದು ಭಾಗಕ್ಕೂ ಎರಡೂ ದಿಕ್ಕುಗಳಲ್ಲಿ ಸ್ವತಂತ್ರವಾದ ಪಾರ್ಶ್ವಬಲಧಾರಣೆ ಇರತಕ್ಕದ್ದೆಂಬುದೂ ಸರ್ವಸಮ್ಮತವೇ.

ಸಂಧಿಯ ಅಗಲದ ವಿಷಯದಲ್ಲಿ ಮಾತ್ರ ಪ್ರಚಲಿತ ಪದ್ಧತಿಯನ್ನು ಒಪ್ಪುವುದು ನನಗೆ ಸಾಧ್ಯವಾಗಿಲ್ಲ. ತಾಪದಿಂದುಂಟಾಗುವ ಚಲನೆಯನ್ನೊಮ್ಮೆ, ಭೂಕಂಪದ ಚಲನೆಯನ್ನೊಮ್ಮೆ ಗಣಿಸಿ, ಎರಡರಲ್ಲಿ ದೊಡ್ಡದನ್ನು ಅಂಗೀಕರಿಸುವುದು ಆ ಪದ್ಧತಿ. ವಡೋದರೆಯ ಮಂಜಲ್‌ಪುರ ಮತ್ತು ಅದರ ನೆರೆಯ ಮಕರಪುರ ಕೈಗಾರಿಕಾ ವಸಾಹತಿನಂತಹ ಪ್ರದೇಶದಲ್ಲಿ, ಎಂದರೆ ಮೇ ತಿಂಗಳಲ್ಲಿ ನೆರಳಿನ ಉಷ್ಣತೆಯೇ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವ, ಐಎಸ್ 1893ರ 2002 ಹಾಗೂ 2016ರ ಆವೃತ್ತಿಗಳು ಭೂಕಂಪದ ಮೂರನೆಯ ವಲಯದಲ್ಲಿಟ್ಟ ನಗರದಲ್ಲಿ, ಇದು ಸಾಧುವೆ ಎಂಬುದು ವಿಚಾರಣೀಯವಾದ ಪ್ರಶ್ನೆ.

180 ಮೀಟರಿನ ಎರಡು ಖಂಡಗಳ ನಡುವಣ ಸಂಧಿಯನ್ನು ತೆಗೆದುಕೊಳ್ಳೋಣ. ಬ್ರೇಸಿಂಗಿನಿಂದ ಸಂಧಿಯವರೆಗೆ ಇತ್ತಟ್ಟಿನಲ್ಲಿಯೂ 90 ಮೀಟರು; ಉಕ್ಕಿನ ವಿಸ್ತರಣ ಗುಣಾಂಕ ಡಿಗ್ರಿಯೊಂದಕ್ಕೆ ಹತ್ತು ಲಕ್ಷದಲ್ಲಿ 12 ಭಾಗ. ಜೋಡಣೆಯ ಕಾಲದಲ್ಲಿ 25 ಡಿಗ್ರಿಯಿದ್ದ ಪರ್ಲಿನ್ನು ಬೇಸಗೆಯ ಅಪರಾಹ್ಣ 55ಕ್ಕೇರಿತೆಂದು ಭಾವಿಸಿದರೆ ಒಂದೊಂದು ಪಕ್ಕವೂ 32.4 ಮಿಲಿಮೀಟರಿನಷ್ಟು ಹಿಗ್ಗಿ, ಸಂಧಿಯು ಒಟ್ಟು ಸುಮಾರು 65 ಮಿಲಿಮೀಟರು ಮುಚ್ಚಿಕೊಳ್ಳುವುದು. ಭೂಕಂಪದ ಗಣಿತದಲ್ಲಿ ಪ್ರತಿ ಖಂಡದ ಚಾವಣಿಯ ಸ್ಥಾನಾಂತರ 10 ಮಿಲಿಮೀಟರೆಂದೂ, ಬ್ರೇಸಿಂಗುಳ್ಳ ಚೌಕಟ್ಟಿನ ಆರ್ ಮೌಲ್ಯ 4 ಎಂದೂ ಇಟ್ಟುಕೊಂಡಲ್ಲಿ, ಚಾವಣಿಗಳೆರಡೂ ಸಮಾನ ಮಟ್ಟದಲ್ಲಿರುವುದರಿಂದ 2002ರ ಆವೃತ್ತಿಯು ಅನುಮತಿಸುವ ಅರ್ಧ ಮೌಲ್ಯದಿಂದ 40 ಮಿಲಿಮೀಟರಿನ ಅಂತರ ದೊರೆಯುವುದು. ದೊಡ್ಡದನ್ನು ಆರಿಸುವವರು 65ಕ್ಕೆ ನಿಲ್ಲುತ್ತಾರೆ. ಆದರೆ ಆ ಅಪರಾಹ್ಣದ ವೇಳೆಗೆ 65 ಪೂರ್ತಿಯಾಗಿ ವ್ಯಯವಾಗಿರುತ್ತದೆ. ಭೂಮಿ ಕಂಪಿಸಿದರೆ ಚಾವಣಿಗೆ ಅಲುಗಾಡಲು ಎಡೆಯೇ ಇಲ್ಲ.

2001ರ ಭೂಕಂಪವನ್ನು ತಾಳಿಕೊಂಡ ಸಂಧಿಗಳೇ ಈ ಭಯವನ್ನು ನಿವಾರಿಸುತ್ತವೆಂದು ಯಾರಾದರೂ ವಾದಿಸಬಹುದು. ಕಛ್‌ನ ಆ ಭೂಕಂಪ ಸಂಭವಿಸಿದುದು ಜನವರಿ 26ರ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ. ಚಳಿಗಾಲದ ಆ ವೇಳೆಯಲ್ಲಿ ಉಕ್ಕು 15 ಡಿಗ್ರಿಯಲ್ಲಿತ್ತೆಂದು ಹಿಡಿದರೂ ಮೇಲಿನ ಸಂಧಿಯು ಕುಗ್ಗುವಿಕೆಯಿಂದ ಇನ್ನೂ 22 ಮಿಲಿಮೀಟರು ತೆರೆದು, 87 ಮಿಲಿಮೀಟರಾಗಿರುತ್ತಿತ್ತು. ಆದಕಾರಣ ಅಂದು ಚಾವಣಿಗಳು ಪರಸ್ಪರ ಬಡಿಯದೆ ಉಳಿದುದರಿಂದ ಮೇ ತಿಂಗಳ ಸುರಕ್ಷತೆಯನ್ನು ಊಹಿಸಲಾಗದು. ಅಂದಿನ ಅನುಭವ ನಿಜವಾಗಿ ಪರೀಕ್ಷಿಸಿದುದು ಜಾರು ಆಸನಗಳ ಉದ್ದವನ್ನು. ಒಂದು ಖಂಡದ ತೊಲೆ ಇನ್ನೊಂದರ ಮೇಲೆ ಕೂತು ಜಾರುವ ವ್ಯವಸ್ಥೆಯಲ್ಲಿ, ಕುಗ್ಗಿದ 22ಕ್ಕೆ ಕಂಪನದ 40 ಸೇರಿ, ಆಸನದಿಂದ 62 ಮಿಲಿಮೀಟರಿನಷ್ಟು ಹಿಂಜಾರುವ ಅಪಾಯವಿದೆ. ಜೋಡಿಕಂಬಗಳನ್ನು ನಾನು ಬಯಸುವುದು ಇದರಿಂದಲೇ.

ಎರಡು ಚಲನೆಗಳನ್ನು ಕೂಡಿಸಬೇಕೆಂದು, ಎಂದರೆ 105 ಮಿಲಿಮೀಟರಿನ ಸಂಧಿಯನ್ನು ಬಿಡಬೇಕೆಂದು ಹೇಳುವ ಮುನ್ನ ಕೆಲವು ಆಕ್ಷೇಪಗಳನ್ನು ಗೌರವದಿಂದ ತೂಗಬೇಕು. ತಗಡಿನ ಮಡಿಕೆಗಳು ಇಳಿಜಾರಿನ ಗುಂಟ ಸಾಗುವುದರಿಂದ ಉದ್ದದ ದಿಕ್ಕಿನ ಹಿಗ್ಗನ್ನು ತಗಡು ತನ್ನ ಮಡಿಕೆಗಳಲ್ಲಿಯೇ ನುಂಗಿಕೊಳ್ಳುತ್ತದೆಂಬುದು ದಿಟ. ಆದರೆ ಪರ್ಲಿನ್ನಿಗೂ ಸೂರಿನ ತೊಲೆಗೂ ಅಂತಹ ಮಡಿಕೆಯಿಲ್ಲ. ಬೋಲ್ಟುಗಳ ಸಡಿಲವು ಪ್ರತಿ ಜೋಡಣೆಯಲ್ಲಿಯೂ ಒಂದಿಷ್ಟು ಚಲನೆಯನ್ನು ಹೀರಿ ನನ್ನ 65ನ್ನು ತಗ್ಗಿಸೀತು. ಕ್ರೇನ್ ಗರ್ಡರು ನೆರಳಿನಲ್ಲಿರುವುದರಿಂದ ಅಷ್ಟು ಬಿಸಿಯಾಗಲಾರದು. ವರ್ಷದ ಅತ್ಯುಷ್ಣ ಘಳಿಗೆಯೂ ಪರಮ ಭೂಕಂಪವೂ ಏಕಕಾಲದಲ್ಲಿ ಬರುವ ಸಂಭವ ಅತ್ಯಲ್ಪ. ಇವೆಲ್ಲವನ್ನೂ ಒಪ್ಪಿಯೂ ನಾನು ಹೇಳುವುದಿಷ್ಟು: ವರ್ಷದ ಪರಮ ತಾಪವನ್ನಲ್ಲದಿದ್ದರೂ ಬೇಸಗೆಯ ಸಾಮಾನ್ಯ ಅಪರಾಹ್ಣದ ಹಿಗ್ಗನ್ನಾದರೂ ಭೂಕಂಪದ ಅಂತರಕ್ಕೆ ಕೂಡಿಸದೆ ಬಿಡತಕ್ಕದ್ದಲ್ಲ. ಐಎಸ್ 875ರ ಐದನೆಯ ಭಾಗವು ತಾಪವನ್ನೂ ಭೂಕಂಪವನ್ನೂ ಒಂದೇ ಭಾರಸಂಯೋಜನೆಯಲ್ಲಿ ಸೇರಿಸಿರುವಾಗ, ಸದಸ್ಯಗಳ ಬಲಕ್ಕೆ ಸಲ್ಲುವ ಈ ವಿವೇಕ ಸಂಧಿಯ ಅಂತರಕ್ಕೆ ಮಾತ್ರ ಸಲ್ಲಬಾರದೇಕೆ?

ತಾಪದ ಎಷ್ಟು ಅಂಶವನ್ನು ಕೂಡಿಸಬೇಕೆಂಬುದು ಇನ್ನೂ ನಿರ್ಣಯವಾಗಬೇಕಾಗಿದೆ. ಅದಕ್ಕೆ ಗುಜರಾತಿನ ಚಾವಣಿಗಳ ಪರ್ಲಿನ್ನುಗಳ ಉಷ್ಣತೆಯನ್ನು ವರ್ಷವಿಡೀ, ಗಂಟೆಗಂಟೆಗೂ ಅಳೆದ ದಾಖಲೆ ಬೇಕು. ಬ್ರೇಸಿಂಗಿಲ್ಲದೆ ಬಿಗಿ ಜೋಡಣೆಗಳಿಂದಲೇ ನಿಲ್ಲುವ ಚೌಕಟ್ಟುಗಳಲ್ಲಿ ಭೂಕಂಪದ ಸ್ಥಾನಾಂತರವೇ ತಾಪದ ಚಲನೆಯನ್ನು ಬಹಳವಾಗಿ ಮೀರಬಹುದಾದ್ದರಿಂದ ಅವುಗಳ ವಿಚಾರವನ್ನು ಪ್ರತ್ಯೇಕವಾಗಿಯೇ ಕೈಗೊಳ್ಳಬೇಕಾಗುವುದು.